ಹಸಿರಾಗಿಯೇ ಇರಬೇಕಿದ್ದ ಟಮಾಟಿ

...ಇಲ್ಲ ಬೇಟಿ, ಮೊದಲು ನೆಲದ ಮ್ಯಾಲಿಂದ ಏಳು. ಫರಸಿ ತಣ್ಣಗ ಅದ. ಏಳಂಗಿಲ್ಲೇನು? ಹಂಗಾದ್ರ ನಾನೂ ಇಲ್ಲೇ ಕುಂದ್ರತೀನಿ. ಕಸಬರಿಗಿ ಆ ಮೂಲ್ಯಾಗ ಇರಲಿ. ಇಷ್ಟು ದೊಡ್ಡ ಕಾಲೇಜಿನ್ಯಾಗ ಈ ಖತೀಜಾ ಬೀಯನ್ನ ಬಿಟ್ಟು ಕಸ ಎಲ್ಲಿಗೂ ಓಡಿ ಹೋಗಂಗಿಲ್ಲ... ನಗಲಿಲ್ಲ ನೀನು. ಬ್ಯಾರೆ ದಿನ ಆಗಿದ್ರ ನಗತಿದ್ದಿ.

ನಾನೂ ನೋಡೀನಿ. ನೀನು ಈಗ ಮತ್ತ ಬಾಗಿಲಾ ತೆಗೆದಾಗ ನಿನ್ನ ಹೆಗಲ ಮ್ಯಾಲಿಂದ ನೋಡೀನಿ. ಈ ಕೋಣ್ಯಾಗಿನ ಟ್ರೇದಾಗ ಎಲ್ಲಾ ಹಸಿರು ಟಮಾಟಿ ಇರಬೇಕಿತ್ತು. ಒಂದೂ ಇಲ್ಲ. ಮದುಮಗನ ರುಮಾಲಿನಂಗ ಕೆಂಪಗ ಕುಂತಾವು. ಸಂತ್ಯಾಗ ಇದ್ದಿದ್ರ ಏನು ಬಣ್ಣ ಬಂದದ ಅಂತ ಜನ ಮುಗಿಬೀಳ್ತಿದ್ರು. ಇಲ್ಲಿ ಅದೇ ಬಣ್ಣ ನೋಡಿ ನೀನು ಗೋಡಿಗೆ ಒರಗಿದಿ.

ನನಗ ಎಲ್ಲಾ ತಿಳಿದದ ಅಂತ ಹೇಳಾಕತ್ತಿಲ್ಲ ಸುಮಂಗಲಾ. ನೀನು ಹೇಳಿದ್ದು ನೆನಪದ, ಅಷ್ಟ. ಆ ಕಡೆ ಕೋಣ್ಯಾಗಿನ ಕಾಯಿಗೆ ಮಾಗಿಸೋ ಗಾಳಿ ಕೊಡೋದು, ಈ ಕೋಣ್ಯಾಗಿನವಕ್ಕ ಏನೂ ಕೊಡಬಾರದು. ಆಮ್ಯಾಲೆ ಎರಡನ್ನೂ ಒಂದಕ್ಕೊಂದು ಹೋಲಿಸಿ ನೋಡೋದು. ಎಥಿಲೀನ್... ಸರಿಯಾಗಿ ಅಂದೆನೇನು? ಆ ಹೆಸರು ನನ್ನ ನಾಲಿಗಿ ಮ್ಯಾಲೆ ಕುಂದ್ರೋತನಕ ನೀನು ಎಷ್ಟು ನಕ್ಕಿದ್ದಿ. ಅದು ಗಿಡದೊಳಗ ಹುಟ್ಟೋ ಹಾರ್ಮೋನು, ಮನುಷ್ಯಾರಿಗೆ ಇದ್ದಂಗ ಗಿಡಕ್ಕೂ ಇರ್ತಾವು ಅಂದಿ. ಕಾಯಿ ಬಲಿತ ಮ್ಯಾಲೆ ಅದು ಒಳಗಿಂದ ಎದ್ದು, ಹಸಿರು ಬಿಡು, ಕೆಂಪು ಉಡು, ಗಟ್ಟಿತನ ಬಿಟ್ಟು ಮೆತ್ತಗಾಗು ಅಂತ ಹೇಳ್ತದ ಅಂದಿ. ಹೇಳಿಸ್ಕೊಂಡ ಕಾಯಿನೂ ಸುಮ್ಮನಿರಂಗಿಲ್ಲ, ತಾನೂ ಅದೇ ಗಾಳಿ ಬಿಟ್ಟು ಪಕ್ಕದ ಕಾಯಿಯ ಕಿವ್ಯಾಗ ಹೇಳ್ತದ ಅಂದಿ. "ಹಂಗಾದ್ರ ನಮ್ಮ ಓಣಿ ಹೆಂಗಸರಂಗ" ಅಂದೆ ನಾನು. ಅವತ್ತು ಚಾ ನಿನ್ನ ಮೂಗಿಗೆ ಏರಿತ್ತು.

ಈಗ ಒಂದು ಲೋಟ ಚಾ ತರಲೇನು? ...ಬ್ಯಾಡ. ಸರಿ.

ನಿಮ್ಮಪ್ಪ ಮೌನಪ್ಪಗ ಒಂದು ಫೋನ್ ಮಾಡಿದ್ರ? ದೇವದುರ್ಗದ ಹೊಲದಾಗ ಇನ್ನೊಂದು ಬುಟ್ಟಿ ಹಸಿರು ಕಾಯಿ... ತಲಿ ಅಲ್ಲಾಡಿಸ್ತಿ. ಗಿಡ ಕಿತ್ತಾರ. ಹೌದು, ಹೇಳಿದ್ದಿ. ಮಾನ್ವಿ ಸಂತಿಯಿಂದ ತಂದ್ರ? ಅದೂ ನಡಿಯಂಗಿಲ್ಲ. ಒಂದೇ ಹೊಲದ್ದು, ಒಂದೇ ತಳಿಯದ್ದು, ಒಂದೇ ದಿನ ಕೊಯ್ದದ್ದು ಆಗಿರಬೇಕು. ಅಂದ್ರ ಮುಂದಿನ ಬೆಳಿತನಕ ಕಾಯಬೇಕು, ಅಲ್ಲಿತನಕ ನಿನ್ನ ಗೈಡ್ ಸರ್ ಕಾಯಂಗಿಲ್ಲ. ಇದೇ ಕೊನೀ ಸಲ ಅಂತ ಅವರು ವರಾಂಡದಾಗ ನಿಂತು ಹೇಳಿದಾಗ ನಾನು ಅಲ್ಲೇ ನೆಲ ಒರಸಾಕತ್ತಿದ್ದೆ. ನಿನ್ನ ಹೆಸರಿನ ಮುಂದ ಡಾಕ್ಟರ್ ಅಂತ ಬರೆಯೋದು ಈ ಹಸಿರು ಕಾಯಿಗಳ ಮ್ಯಾಲೆ ನಿಂತಿತ್ತು.

ಕರೆಂಟ್ ಹೋಗಿರಬೇಕು. ನೀನು ಊರಿಗೆ ಹೋಗಿದ್ದಾಗ ಕೋಣಿ ಕಾದಿರಬೇಕು... ಹೋಗಿಲ್ಲ? ತಂಪು ಸರಿ ಇತ್ತು? ಹಂಗಾದ್ರ ವಾಚ್‌ಮನ್ ಹುಲಿಗೇಶ ಬಾಗಿಲಾ ತೆಗೆದು ಆ ಕೋಣಿ ಗಾಳಿ ಈ ಕೋಣಿಗೆ ಬಿಟ್ಟಿರಬೇಕು. ತೆಗೆದ ಬಾಗಿಲಾ ಹಾಕೋ ರೂಢಿ ಅವಗ ಎಲ್ಲಿ ಅದ? ...ಯಾಕ ಹಂಗ ನೋಡ್ತಿ? ಸರಿ, ಅವನ ಹೆಸರು ಹೇಳಬಾರದಿತ್ತು. ಮಕ್ಕಳು ಮರಿ ಇದ್ದಾವ ಅವ. ಬಿಡು, ಅವ ತೆಗೆದಿಲ್ಲ.

ನಮ್ಮ ಯಜಮಾನರು ಇದ್ದಿದ್ರ ಏನಾರ ಹೇಳ್ತಿದ್ರು. ರಾಯಚೂರು ಮಾರ್ಕೆಟ್ಟಿನ ಹಣ್ಣಿನ ಬಂಡಿಯವರಿಗೆಲ್ಲಾ ದಸ್ತಗೀರ್ ಸಾಬ್ ಅಂದ್ರ ಗೊತ್ತು. ಮಾವಿನಕಾಯಿ ಹುಲ್ಲಿನ್ಯಾಗ ಮುಚ್ಚೋ ಮುಂದ, ನಡುವ ಒಂದು ಮಾಗಿದ ಮಾವು ಇಡು ಅಂತಿದ್ರು. ಹಸಿರು ಬಾಳಿಗೊನಿ ಇಟ್ಟ ಕೋಣ್ಯಾಗ ಒಂದು ಹಣ್ಣಾದ ಚಿಪ್ಪು ಇಡು ಅಂತಿದ್ರು. ಅದಕ್ಕ ನಾವು ಹೆಸರಿಟ್ಟಿರಲಿಲ್ಲ. ಮಾವು ಮಾವಿಗೆ, ಬಾಳಿ ಬಾಳಿಗೆ. ಯಾವ ಜಾತಿ ಹಣ್ಣೋ ಆ ಜಾತಿಗೇ ಅದರ ಗಾಳಿ ಅಂತ ನಾನು ತಿಳಿದಿದ್ದೆ...

ಒಂದು ಕೇಳಲೇನು? ಬಾಳಿಹಣ್ಣಿನ ಗಾಳಿ ಟಮಾಟಿಗೆ ಹತ್ತತದೇನು?

...ಹತ್ತತದ.

ಗಿಡ ಬ್ಯಾರೆ, ಹಣ್ಣು ಬ್ಯಾರೆ, ಆದ್ರೂ ಹತ್ತತದ. ಎರಡರೊಳಗೂ ಅದೇ ಒಂದು ಗಾಳಿ... ಸುಮ್ಮನ ಕೇಳಿದೆ ಬೇಟಿ. ತಿಳ್ಕೊಳ್ಳೋಣಂತ ಕೇಳಿದೆ.

ಯಾಕ ಕೇಳಿದಿ ಅಂತ ನೀನು ಕೇಳಲಿಲ್ಲ.

ನಾನು ಒಂದು ಕೇಳಿದ್ರ ನೀನು ಹತ್ತು ಕೇಳಾಕಿ. ಇವತ್ತು ಹೌದಂತ ತಲಿ ಹಾಕಿದಿ, ನೆಲ ನೋಡಿದಿ, ಮುಗೀತು... ಸಿಕ್ಕಾವೇನು ನಿನಗ? ಟ್ರೇದ ಹಿಂದ, ಪೇಪರಿನ್ಯಾಗ ಸುತ್ತಿಟ್ಟ ಎರಡು ಬಾಳಿಹಣ್ಣು.

ನೀನು ಉಣ್ಣೋದು ಮರೀತಿ. ಹೊರಗ ಇಟ್ರ ನಮ್ಮ ಬಿಸಿಲಿಗೆ ಸಂಜಿಯೊಳಗ ಕರ್ರಗಾಗ್ತಾವು, ಇಲ್ಲಿ ತಂಪದ. ಕಾಯಿ ಬಣ್ಣ ನೋಡಾಕ ಬಂದಾಗ ಕಣ್ಣಿಗೆ ಬೀಳ್ತಾವು, ಹಸಿದಿದ್ರ ತಿಂತಿ ಅಂತ ಇಟ್ಟೆ. ತಿನ್ನೋದೇನೂ ಒಳಗ ತರಬಾರದು ಅಂತ ಸರ್ ಹೇಳಿದ್ದು ಗೊತ್ತಿತ್ತು. ಎರಡು ಹಣ್ಣಿನಿಂದ ಏನಾಗ್ತದ ಅಂದ್ಕೊಂಡೆ. ನೀನು ಅವತ್ತೇ ಊರಿಗೆ ಹೋದದ್ದು ನನಗ ಯಾರೂ ಹೇಳಲಿಲ್ಲ. ಮರುದಿನ ಬಂದ್ರ ಬಾಗಿಲಿಗೆ ಕೀಲಿ. ಕೀಲಿ ಕೇಳಿದ್ರ ಯಾಕಂತಾರ, ಏನು ಹೇಳ್ಲಿ... ದಿನಾ ಈ ಬಾಗಿಲಾ ಮುಂದ ಗುಡಿಸೀನಿ, ದಿನಾ ಕೇಳಾಕ ಬಾಯಿ ಬರಲಿಲ್ಲ. ನಾನು ಎಂಥಾಕಿ ಅಂತ ನಿನಗ ಗೊತ್ತದ, ಬಸ್ಸಿನ್ಯಾಗ ಚಿಲ್ಲರ ಕೇಳಾಕೂ ನಾಚ್ಕೊಳ್ತೀನಿ.

ಬೆಳಿಗ್ಗೆ ನಾನು ಬರೋಕಿಂತ ಮೊದಲ ಸರ್ ನಿನ್ನ ಜೋಡಿ ಬಂದು ಇದನ್ನೆಲ್ಲಾ ನೋಡಿದ್ರಂತ. ಹಣ್ಣು ಒಳಗ ಯಾರು ಇಟ್ಟಿದ್ದು ಅಂತ ಕೇಳಿರಬೇಕು. ನೀನು ಏನಂದಿ?

...ನನ್ನ ಹೆಸರು ಹೇಳಿದ್ದಿದ್ರ ಹುಲಿಗೇಶ ನನ್ನ ಗೇಟಿನ್ಯಾಗೇ ನಿಲ್ಲಸ್ತಿದ್ದ. ಅವ ದಿನದಂಗ "ಬರ್ರಿ ಬೀ, ಇವತ್ತು ಬಿಸಲು ಭಾಳ ಅದ" ಅಂದ. ಅಂದ್ರ ಅವನ ಹೆಸರೂ ನೀನು ಹೇಳಿಲ್ಲ. ಮತ್ತ ಈ ಕೋಣಿಗೆ ಬರೋರು ಇನ್ಯಾರು ಉಳದರು ಬೇಟಿ?

ನೀನೇ ಇಟ್ಟಿ ಅಂತ ಹೇಳಿದಿ, ಹೌದಲ್ಲೇನು?

ನಾನು ಈಗಲೇ ಸರ್ ಹತ್ತಿರ ಹೋಗ್ತೀನಿ. ಹೋಗಿ ಹೇಳ್ತೀನಿ... ಹೇಳಿದ್ರ ನೀನು ಅವರ ಮುಂದ ಸುಳ್ಳು ಹೇಳಿದಾಕಿ ಆಗ್ತಿ. ಹೇಳದಿದ್ರ ತಪ್ಪು ಮಾಡಿದಾಕಿ ಆಗ್ತಿ. ಎರಡರಾಗ ಯಾವುದು ಮಾಡಿದ್ರೂ ಇವು ಮತ್ತ ಹಸಿರಾಗಂಗಿಲ್ಲ.

ಎಲ್ಲಿಗೆ ಎದ್ದಿ? ಆ ಟ್ರೇ ಇಡು, ನಾನು ಎತ್ತತೀನಿ, ಭಾರ ಅದ... ನನ್ನ ಕೈ ಯಾಕ ಹಿಡದಿ? ಬಿಡು. ಬೈಯಿ ಬೇಟಿ. ಒಂದು ಮಾತು ಬೈದಾರ ಬಿಡು.