ಢಾಲು ಯಾರಿಗೆ?

೨೦೦೬ರ ಡಿಸೆಂಬರ್. ಹಾವೇರಿ ಬಸ್ ನಿಲ್ದಾಣದಲ್ಲಿ ಒಬ್ಬಳೇ ಕೂತು ಕರ್ಜಗಿ ಬಸ್ಸು ಕಾಯುತ್ತಿದ್ದ ಶೈಲಶ್ರೀಯ ಕಿವಿಗೆ ಪಕ್ಕದ ಬೆಂಚಿನ ಮಾತು ಬಿತ್ತು. ನಿವೃತ್ತ ಮಾಸ್ತರರೊಬ್ಬರು ಪೇಪರು ಓದಿ, ಜೊತೆಗಿದ್ದ ರೈತ ಹೊಳಿಯಪ್ಪನಿಗೆ ಹೇಳುತ್ತಿದ್ದರು.

“ವೈರಿ ಕ್ಷಿಪಣಿ ಬಂದ್ರ ಆಕಾಶದಾಗ ಹೊಡದು ಕೆಡವೋದು ನಮ್ಮವರು ಕಲ್ತಾರ ನೋಡಪಾ.”

“ಹಂಗಾದ್ರ ಗಡಿಯಾಗಿರೋ ನನ್ನ ಮಗ ಸುದೀಪ ಮನಿಗೆ ಬರ್ತಾನೇನ್ರಿ, ಮಾಸ್ತರ್ರ?”

“ಅದೆಲ್ಲಿ ಬಂತು? ನಾವು ಇಂಥಾ ಢಾಲು ಹಿಡಿದ್ರ ಆ ಕಡೆಯವರು ಇನ್ನಷ್ಟು ಕ್ಷಿಪಣಿ ಮಾಡ್ತಾರಂತ. ಅದ ವಾದ ನಡದೈತಿ.”

“ಮತ್ತ ಢಾಲು ಯಾರಿಗ್ರಿ?”

“ದೊಡ್ಡ ಶಹರದವರಿಗೆ.”

“ಬಂಕರಿನ್ಯಾಗ ಕುಂತವರಿಗೆ?”

ಮಾಸ್ತರರು ಪೇಪರು ಮಡಚಿದರು. “ಅಲ್ಲಿ ಅವರೇ ಢಾಲು, ಹೊಳಿಯಪ್ಪ.”

ಶೈಲಶ್ರೀ ಅವರತ್ತ ತಿರುಗಿದಳು. ಮದುವೆಯಾಗಿ ಇಪ್ಪತ್ತೇ ದಿನಕ್ಕೆ ಗಂಡ ಅದೇ ಗಡಿಗೆ ಮರಳಿ ಎಂಟು ತಿಂಗಳಾಗಿತ್ತು. ಅತ್ತೆಮನೆಯಲ್ಲಿ ಅವನ ಕೆಲಸದ ಬಗ್ಗೆ ಯಾರೂ ಮಾತೆತ್ತುತ್ತಿರಲಿಲ್ಲ, ಇವಳಿಗೂ ಎತ್ತುವ ಧೈರ್ಯವಿರಲಿಲ್ಲ.

ರಾಣೆಬೆನ್ನೂರಿನ ಬಸ್ಸು ಬಂತು. ಇಬ್ಬರೂ ಹತ್ತಿ ಕೂತರು. ಅವಳು ಎದ್ದು ಕಿಟಕಿಯ ಬಳಿಗೆ ಓಡಿದಳು.

“ಯಪ್ಪಾ, ನಮ್ಮ ಮನಿಯವರೂ ಅಲ್ಲೇ ಅದಾರ್ರಿ!”

ಹೊಳಿಯಪ್ಪ ಕಿವಿಗೆ ಕೈ ಹಿಡಿದು ಬಾಗಿದ. “ಏನಂದಿ, ಯವ್ವಾ?”

ಬಸ್ಸು ಹೊರಟುಹೋಯಿತು.