ತಂಬಿಗಿ ಮ್ಯಾಲಿನ ತಂಬಿಗಿ

ಕಂದೀಲ ಜರಾ ಸಣ್ಣ ಮಾಡ್ರಿ. ಏ ಹುಡುಗಿ, ನಗಬ್ಯಾಡ... ನಗೋದಿದ್ರ ಒಳಗ ಹೋಗಿ ಮಲ್ಕೋ, ನಾ ಏನ ನಿನಗ ಕರದಿಲ್ಲ. ಇದು ಕಟ್ಟಿದ ಕತಿ ಅಲ್ಲ. ನಮ್ಮ ಬಾಜೂ ಮನಿ ದಿಗಂಬರಗ ಆಗಿದ್ದು. ಅವನ ಹೆಂಡತಿ ಕಸ್ತೂರಬಾಯಿ ಇನ್ನಾ ಜೀವಂತ ಇದ್ದಾಳ, ಉದಗೀರದಾಗ ತಮ್ಮನ ಮನ್ಯಾಗ. ನಂಬಿಕಿ ಇಲ್ಲಂದ್ರ ಹೋಗಿ ಕೇಳ್ರಿ.

ಭೂಕಂಪ ಆಗಿ ಮೂರ್ನಾಕು ವರ್ಷ ಆಗಿತ್ತು. ದಿಗಂಬರ ಉದಗೀರ ಕಡಿ ಒಂದು ನೂಲಿನ ಗಿರಣ್ಯಾಗ ಟೆಂಪೋ ಹೊಡೀತಿದ್ದ. ಒಂದಿನ ಸಂಜಿಗೆ ಮ್ಯಾನೇಜರ ಎಲ್ಲಾರ್ನೂ ಗೇಟಿನ ಮುಂದ ನಿಲ್ಲಿಸಿ, ನಾಳಿಂದ ಬರಬ್ಯಾಡ್ರಿ ಅಂದ. ಬಸ್. ನಾಯಿಗೆ ಹಚಾ ಅಂದಂಗ.

ಅವತ್ತು ಕಡೀ ಬಸ್ಸಿಗೆ ಬಂದು ಕಾಸಾರಶಿರಸ್ಯಾಗ ಇಳದ. ಅಲ್ಲಿಂದ ನಡಕೋತ ಹೊಂಟ. ಭೂಕಂಪದ ಮ್ಯಾಲ ಸರಕಾರ ಕಟ್ಟಿಕೊಟ್ಟ ನಮ್ಮ ಹೊಸಾ ಊರಿಗೆ ಬರಬೇಕಂದ್ರ ಹಳೇ ಊರ ದಾಟೇ ಬರಬೇಕು. ಹಳೇ ಊರಂದ್ರ ಏನ ಉಳದಿತ್ತು ಅಲ್ಲಿ? ಕಲ್ಲಿನ ಗುಡ್ಡಿ, ಜಾಲಿ ಕಂಟಿ, ಒಂದು ಬಾವಿ. ಬಾವಿಗೆ ಗಡಗಡಿ ಸೈತ ಇರಲಿಲ್ಲ, ಭೂಕಂಪದಾಗ ಕಂಬ ಮುರದು ಗಡಗಡಿ ಒಳಗ ಬಿದ್ದಿತ್ತು.

ಅಂವಾ ಬಾವಿ ಹತ್ರ ಬಂದ. ಕಿರ್ರ್... ಕಿರ್ರ್... ಗಡಗಡಿ ತಿರುಗೋ ಸಪ್ಪಳ. ಆಮ್ಯಾಲ ಬುಳಕ್... ಕೊಡಾ ಮುಳುಗಿದಂಗ. ದಿಗಂಬರನ ಕಾಲ ಅಲ್ಲೇ ನಿಂತ್ವು.

‘ದಿಗ್ಯಾ...’

ಅವಗ ದಿಗ್ಯಾ ಅಂತ ಕರೀತಿದ್ದಾಕಿ ಒಬ್ಬಾಕೇ ಇದ್ದಳು, ಅವನ ಅವ್ವ. ಆಕಿ ಭೂಕಂಪದಾಗ ಹೋಗಿದ್ದಳು.

‘ಕೆಲಸಾ ಹೋಯ್ತೇನೋ?’

ಅಂವಾ ಇನ್ನಾ ಯಾರಿಗೂ ಹೇಳಿರಲಿಲ್ಲ. ಹೆಂಡತಿಗೂ ಗೊತ್ತಿರಲಿಲ್ಲ.

‘ಛಲೋ ಆಯ್ತು,’ ಅಂತು ಆ ಧ್ವನಿ, ಭಾಳ ಸಣ್ಣಗ. ‘ಇಲ್ಲೇ ಇರು.’

ಮನಿಗೆ ಬಂದಾಗ ಮೈ ಸುಡ್ತಿತ್ತು. ಕಸ್ತೂರಬಾಯಿ ಜ್ವರದ ಗುಳಿಗಿ ಕೊಟ್ಟಳು. ಕೆಲಸದ ಮಾತು ಹೇಳಿದ, ಬಾವಿ ಮಾತೂ ಹೇಳಿದ. ಆಕಿ ಎದ್ದು ಬಾಗಲಾ ಹಾಕಿದಳು. ಯಾಕಂದ್ರ ಭೂಕಂಪದ ರಾತ್ರಿ ಏನಾಗಿತ್ತು ಅನ್ನೋದು ಈ ಗಂಡಾ ಹೆಂಡತಿ ಇಬ್ಬರಿಗೇ ಗೊತ್ತಿತ್ತು. ನನಗ ಆಕಿ ಮುಂದ ಹೇಳಿದಳು, ಎಲ್ಲಾ ಮುಗದ ಮ್ಯಾಲ.

ನೀವು ಆಗ ಇನ್ನಾ ಹುಟ್ಟಿರಲಿಲ್ಲ. ಆ ದೊಡ್ಡ ಭೂಕಂಪಕ್ಕಿಂತ ಮೊದಲೂ ನಮ್ಮ ಕಡಿ ನೆಲಾ ಆಗಾಗ ಗುಡುಗ್ತಿತ್ತು. ಆವಾಗ ದಿಗಂಬರನ ಅವ್ವ ಬಾಳಮ್ಮ ಒಂದು ಉಪಾಯ ಹೂಡಿದ್ದಳು. ರಾತ್ರಿ ಮಲಗೋವಾಗ ತಲಿ ಹತ್ರ ಹಾಸಗಲ್ಲಿನ ಮ್ಯಾಲ ದೊಡ್ಡ ಹಿತ್ತಾಳಿ ತಂಬಿಗಿ ಬೋರಲ ಹಾಕೋದು, ಅದರ ಮ್ಯಾಲ ಸಣ್ಣ ತಂಬಿಗಿ ಕೂಡಿಸೋದು. ನೆಲಾ ಒಂಚೂರು ಅಲುಗಿದ್ರ ಸಾಕು... ಟಿಣ್ ಟಿಣ್ ಟಿಣ್. ಇಲಿ ಓಡಿದ್ರೂ ಟಿಣ್ ಅಂತಿತ್ತು. ‘ಸಪ್ಪಳ ಕೇಳಿದ್ರ ಹಿಂದ ಮುಂದ ನೋಡಬ್ಯಾಡ್ರಿ, ಹೊರಗ ಓಡ್ರಿ’ ಅಂತಿದ್ದಳು ಮುದುಕಿ. ಆಕಿನ್ನ ನೋಡಿ ಓಣಿ ಮಂದೆಲ್ಲಾ ಕಲ್ತರು. ನಾನೂ ಇಡ್ತಿದ್ದೆ.

ಆ ರಾತ್ರಿ ತಂಬಿಗಿ ಬಾರಿಸ್ತು. ಕಸ್ತೂರಬಾಯಿ ಕೂಸು ಪ್ರಾಜಕ್ತಾನ ಎತಗೊಂಡು ಅಂಗಳಕ್ಕ ಜಿಗದಳು. ದಿಗಂಬರ ಹೊಸ್ತಲದಾಗ ಇದ್ದ. ಮುದುಕಿಗೆ ಮಳಕಾಲ ಬ್ಯಾನಿ. ಹಾಸಗ್ಯಾಗಿಂದ ತೆವಳಕೋತ ಬಂದು ಅವನ ಬಲಗೈ ಹಿಡದಳು. ‘ದಿಗ್ಯಾ, ನನಗ ಎಬ್ಬಸೋ...’ ಅಂವಾ ಕೈ ಝಾಡಿಸಿದ. ಒಂದ ಸಲ ಝಾಡಿಸಿದ, ಹೊರಗ ಕಾಲಿಟ್ಟ, ಹಿಂದ ಗ್ವಾಡಿ... ಧಡ್!

ನಮ್ಮಾಗ ಸತ್ತವರಿಗೆ ಕೂಡಿಸಿ, ಎಡಗೈಯಾಗ ಲಿಂಗಾ ಕೊಟ್ಟು ಮಣ್ಣ ಮಾಡ್ತಾರ. ಬಾಳಮ್ಮಗ ಅದೂ ಸಿಗಲಿಲ್ಲ. ಊರ ತುಂಬ ಹೆಣ, ಯಾರು ಯಾರಿಗೆ ಕುಣಿ ತೋಡಬೇಕು? ಎಲ್ಲಾರ್ನೂ ಸಾಲಿಗೆ ಇಟ್ಟು ಸುಟ್ಟುಬಿಟ್ರು. ಮಗಗ ಉಳದದ್ದು ಆ ಎರಡು ತಂಬಿಗಿ. ಹೊಸಾ ಮನಿಗೆ ಬಂದ ಮ್ಯಾಲೂ ದಿನಾ ರಾತ್ರಿ ಒಂದರ ಮ್ಯಾಲ ಒಂದು ಕೂಡಿಸೇ ಮಲಗ್ತಿದ್ದ.

ಆಯ್ತಾ. ಈಗ ಕೆಲಸದ ಮಾತು. ಅವನ ಮುಂದ ಎರಡು ದಾರಿ ಬಂದ್ವು.

ಉಮರ್ಗಾದ ಪಂಡಿತ ಅವನ ಹಳೇ ದೋಸ್ತ, ಎರಡು ಟ್ರಕ್ಕಿನ ಮಾಲಕ. ಬಂದು ಕಟ್ಟಿ ಮ್ಯಾಲ ಕೂತು ಅಂದ: ‘ದಿಗಂಬರಾ, ಹೊಸಾ ಗಾಡಿ ತಂದೀನಿ. ಸೋಲಾಪುರ ಹೈದ್ರಾಬಾದ ಲೈನು. ನಿನ್ನ ಕೈ ನನಗ ಗೊತ್ತದ. ಸೋಮವಾರ ಸಂಜಿಗೆ ಯೆಣೆಗೂರ ಧಾಬಾದ ಮುಂದ ಗಾಡಿ ನಿಲ್ಲಸ್ತೀನಿ. ಬಂದ್ರ ಚಾವಿ ನಿನ್ನ ಕೈಯಾಗ. ಬರಲಿಲ್ಲಂದ್ರ ಬ್ಯಾರೆಯವ್ರಿಗೆ ಕೊಡ್ತೀನಿ, ಸಿಟ್ಟಾಗಬ್ಯಾಡ.’

ಇನ್ನೊಂದು, ಕಾಸಾರಶಿರಸಿ ಆಡತ ಅಂಗಡಿ ಜಗದೇವಪ್ಪ ಸಾಹುಕಾರ್ರದು. ಗೋದಾಮದಾಗ ಕಾಳ ತೂಗೋದು, ಚೀಲದ ಮ್ಯಾಲ ಚೀಲಾ ಹೇರಿ ಥಪ್ಪಿ ಹಚ್ಚಿಸೋದು. ಪಗಾರ ಅರ್ಧ. ಆದ್ರ ಹೊತ್ತು ಮುಳುಗೂದ್ರಾಗ ಮನಿ.

ಎಲ್ಲಾ ಹೆಂಗಸರೂ ಟ್ರಕ್ ಬ್ಯಾಡ ಅಂತಾರ. ಕಸ್ತೂರಬಾಯಿ ಮಾತ್ರ ಹೋಗ್ರಿ ಅಂದಳು.

‘ಏನ್ರೀ, ನನಗ ಈ ನೆಲದ ಭರೋಸಾ ಇಲ್ಲ,’ ಅಂದಳು. ‘ಗಾಡ್ಯಾಗ ಇದ್ರ ತಲಿ ಮ್ಯಾಲ ಮಾಳಗಿನೂ ಇಲ್ಲ, ಬಾಜೂಕ ಗ್ವಾಡಿನೂ ಇಲ್ಲ. ಮತ್ತ ಆ ಬಾವಿ ಹಾದಿ ತಪ್ಪತದ.’

ಯಾಕಂದ್ರ ಅವತ್ತಿಂದ ಅಂವಾ ದಿನಾ ಸಂಜಿಗೆ ಬಾವಿ ಕಡಿ ಹೋಗಿ ನಿಂದರಲಾಕ ಹತ್ತಿದ್ದ. ಕೇಳಿದ್ರ, ಸುಮ್ಮ ಗಾಳಿಗೆ ಹೋಗಿದ್ದೆ ಅಂತಿದ್ದ. ಕಲ್ಲಿನ ಗುಡ್ಡಿಯಾಗ ಎಂಥಾ ಗಾಳಿ!

ಹೆಂಡತಿ ಹಂಗ ಅಂದ ರಾತ್ರಿ, ಕೂಸು ಮಲಗಿತ್ತು. ದಿಗಂಬರ ಹೆಂಡತಿ ಕಡಿ ಹೊಳ್ಳಿ ಪಿಸುಗುಟ್ಟಿದ: ‘ಆಯ್ತು ಬಿಡು. ಟ್ರಕ್ಕಿಗೇ ಹೋಗ್ತೀನಿ.’

ಟಿಣ್.

ಟಿಣ್ ಟಿಣ್ ಟಿಣ್ ಟಿಣ್... ಕೂಸು ಎತಗೊಂಡು ಹೊರಗ ಓಡಿದ್ರು. ಚೀರಿದ್ರು, ಭೂಕಂಪ ಭೂಕಂಪ ಅಂತ. ಓಣಿ ಮಂದೆಲ್ಲಾ ಎದ್ದು ಬಂತು. ನಾನೂ ಬಂದೆ. ಆದ್ರ ಕೇಳ್ರಿ, ನಾ ಎಚ್ಚರನೇ ಇದ್ದೆ. ನನ್ನ ತಂಬಿಗಿ ನನ್ನ ತಲಿ ಹತ್ರ ಇಟ್ಟಂಗೇ ಸುಮ್ಮ ಕೂತಿತ್ತು. ಯಾರ ಮನ್ಯಾಗೂ ಬಾರಿಸಿರಲಿಲ್ಲ. ಮಂದಿ ಬೈದು ಹೋಗಿ ಮಲಗ್ತು.

ಮರುದಿನ ರಾತ್ರಿ ದಿಗಂಬರ ಮಲಗಲಿಲ್ಲ. ತಂಬಿಗಿ ಮುಂದ ಚಕ್ಕಳಮಕ್ಕಳ ಹಾಕ್ಕೊಂಡು ಕೂತ. ಕಸ್ತೂರಬಾಯಿ ಬೆನ್ನ ಹಿಂದ ಕೂತಳು.

‘ಅಂಗಡಿ ಕೆಲಸಕ್ಕ ಹೋಗ್ಲೇನ?’ ಅಂದ.

ಸುಮ್ಮ.

‘ಟ್ರಕ್ಕಿಗೆ ಹೋಗ್ಲೇನ?’

ಟಿಣ್ ಟಿಣ್ ಟಿಣ್.

ಕಸ್ತೂರಬಾಯಿ ಗಂಡನ ಭುಜಾ ಹಿಡದಳು. ‘ಏಳ್ರಿ. ನನ್ನ ಮಾತ ಕೇಳ್ರಿ... ಏಳ್ರಿ ಅಲ್ಲಿಂದ.’

ಅಂವಾ ಏಳಲಿಲ್ಲ. ಸಣ್ಣ ಹುಡುಗನಂಗ ದನಿ ಮಾಡಿ ಕೇಳಿದ: ‘ಯವ್ವಾ... ನೀನೇನಬೇ?’

ಭಾಳ ಹೊತ್ತು ಏನೂ ಇಲ್ಲ. ಆಮ್ಯಾಲ ಮ್ಯಾಲಿನ ತಂಬಿಗಿ ಕೂತಲ್ಲೇ ತಿರುಗಿತು. ಕರ್ರ್... ಕರ್ರ್... ಹಿತ್ತಾಳಿಗೆ ಹಿತ್ತಾಳಿ ತಿಕ್ಕೋ ಸಪ್ಪಳ. ಒಂದ ಸುತ್ತು. ನಿಂತ್ತು.

ದಿಗಂಬರ ಅತ್ತುಬಿಟ್ಟ. ನೆಲಕ್ಕ ಹಣಿ ಹಚ್ಚಿ ಅತ್ತ. ‘ಕಸ್ತೂರಾ, ನೋಡಿದೇನ? ಅವ್ವ ನನ್ನ ಮಾಫ ಮಾಡ್ಯಾಳ! ಟ್ರಕ್ಕಿನಾಗ ನನ್ನ ಜೀವಕ್ಕ ಏನರ ಅದ, ಅದಕ್ಕ ಬ್ಯಾಡ ಅನ್ಲಾಕ ಹತ್ಯಾಳ. ಕೈ ಝಾಡಿಸಿದ ಮಗನ್ನ ಇನ್ನಾ ಕಾಯ್ತಾಳ ನೋಡು.’

‘ಮಾಫ ಮಾಡಿದಾಕಿ ಬಾವ್ಯಾಗಿಂದ ಯಾಕ ಕರೀತಾಳ?’ ಅಂದಳು ಕಸ್ತೂರಬಾಯಿ. ‘ನಿಮ್ಮ ಕೆಲಸಾ ಹೋದ್ರ ಛಲೋ ಆಯ್ತು ಅಂತ ಯಾವ ತಾಯಿ ಅಂತಾಳ್ರೀ?’

ಅಷ್ಟು ಖರೇ ಮಾತು ಆ ಮನ್ಯಾಗ ಮತ್ತ ಯಾರೂ ಆಡಲಿಲ್ಲ. ಅಂವಾ ತಿರುಗಿ ಆಕಿ ಕಪಾಳಕ್ಕ ಒಂದು ಬಿಗದ. ಮದಿವ್ಯಾದಾಗಿಂದ ಒಮ್ಮೆನೂ ಕೈ ಎತ್ತಿದಾಂವಲ್ಲ. ‘ನನ್ನ ಅವ್ವಗ ಅಂದ್ರ ನೋಡು’ ಅಂದ. ಆಕಿ ಎದ್ದು ಕೂಸಿನ ಬಾಜೂಕ ಹೋಗಿ ಮಲಗಿದಳು. ಏನ ಮಾಡ್ತಾಳ, ಪಾಪ. ತಂಬಿಗಿ ಬಾರಿಸಿದ್ರ ಜೀವಾ ಉಳೀತದ ಅಂತ ನಾವೆಲ್ಲಾ ಕಲ್ತವರೇ. ನಾನಾಗಿದ್ರೂ ನಂಬ್ತಿದ್ದೆ.

ಸೋಮವಾರ ಸಂಜಿಗೆ ಪಂಡಿತ ಯೆಣೆಗೂರ ಧಾಬಾದ ಮುಂದ ಕತ್ತಲಾಗೋ ತನಕ ಕಾದ, ಎರಡ ಸಲ ಹಾರ್ನ ಹೊಡದ, ಹೋದ. ಆ ಗಾಡಿ ಬ್ಯಾರೆ ಯಾವನೋ ಹೊಡದ. ವರ್ಷಗಟ್ಟಲೆ ಹೊಡದ. ಒಂದು ಗೀರ ಸೈತ ಬೀಳಲಿಲ್ಲ ಅದಕ್ಕ.

ದಿಗಂಬರ ಸಾಹುಕಾರ್ರ ಗೋದಾಮಕ್ಕ ಹೋಗ್ಲಾಕ ಹತ್ತಿದ. ನಾನೂ ಅಲ್ಲೇ ಕಾಳ ಹಸನ ಮಾಡ್ಲಾಕ ಹೋಗ್ತಿದ್ದೆ, ಅದಕ್ಕ ಕಣ್ಣಾರ ಕಂಡದ್ದೇ ಹೇಳ್ತೀನಿ. ಆ ಎರಡು ತಂಬಿಗಿ ಪಂಚಾದಾಗ ಕಟಗೊಂಡು ದಿನಾ ತರ್ತಿದ್ದ. ಮಧ್ಯಾನ ರೊಟ್ಟಿ ಉಂಡು, ತೊಗರಿ ಚೀಲದ ಥಪ್ಪಿ ಸಂದ್ಯಾಗ ತಂಪಗಿರ್ತದಂತ ಅಲ್ಲೇ ಅಡ್ಡಾಗ್ತಿದ್ದ. ತಲಿ ಹತ್ರ ತಂಬಿಗಿ ಮ್ಯಾಲ ತಂಬಿಗಿ.

ಜಗದೇವಪ್ಪ ಸಾಹುಕಾರ್ರು ಬೈತಿದ್ರು: ‘ಏ ದಿಗಂಬರ, ಥಪ್ಪಿ ಬುಡಕ ಮಲಗಬ್ಯಾಡೋ, ಹೊರಗ ಬೇವಿನ ಗಿಡದ ನೆರಳದ.’

‘ಇರ್ಲಿ ಬಿಡ್ರಿ ಸಾಹುಕಾರ್ರೇ,’ ಅಂತಿದ್ದ, ನಕ್ಕೋತ. ‘ಏನರ ಆಗೋದಿದ್ರ ಅವ್ವ ಎಬ್ಬಸ್ತಾಳ.’

ಎಷ್ಟು ವರ್ಷಕ್ಕ ಅಂವಾ ಹಂಗ ನಿದ್ದಿ ಮಾಡ್ತಿದ್ದನೋ!

ಕಡೀಕ ಆದದ್ದು ರಾತ್ರಿ ಅಲ್ಲ ಮತ್ತ. ಖಡಕ್ ಬಿಸಲಿನ ಮಧ್ಯಾನ. ನಾವು ಹೆಂಗಸರು ಬಾಗಲದಾಗ ಕೂತು ಮೊರಾ ಬಡೀತಿದ್ದೆವು. ಮೊದಲ ಸರ್ರ್... ಅಂತು. ಇಲಿ ಕಡದ ಚೀಲದಾಗಿಂದ ಕಾಳ ಸುರದಂಗ. ಆಮ್ಯಾಲ ಧಪ್. ಆಮ್ಯಾಲ ಧಪ್ ಧಪ್ ಧಪ್... ಇಡೀ ಥಪ್ಪಿ ಬಂತು. ನಾವು ಕೂತ ಫರಸಿ ನಡುಗ್ತು. ಧೂಳಾ ಎದ್ದು ಬಾಗಲಾ ಕಾಣಲಿಲ್ಲ.

ತಂಬಿಗಿ ಸಪ್ಪಳ? ನಾನೂ ಕಿವಿ ಕೊಟ್ಟಿದ್ದೆ. ಒಂದ ಟಿಣ್ ಸೈತ ಇಲ್ಲ.

ಹಮಾಲರು ಚೀಲಾ ಎಳದು ಎಳದು ಒಗದ್ರು. ಕಡೀಕ ಸಿಕ್ಕ. ನನ್ನ ಕಣ್ಣಾಣಿ, ಮಲಗಿದಾಂವ ಕೂತಿದ್ದ. ಗ್ವಾಡಿಗೆ ಬೆನ್ನ ಹಚ್ಚಿ, ಕಾಲ ಮಡಚಿ, ಎಡಗೈ ತೊಡಿ ಮ್ಯಾಲ ಅಂಗೈ ಮ್ಯಾಲ ಮಾಡಿ... ನಮ್ಮಾಗ ಮಣ್ಣಿಗೆ ಕೂಡಸ್ತಾರಲ್ಲ, ಥೇಟ ಹಂಗ. ಬಲಗೈ ಮಾತ್ರ ಮುಂದ ಚಾಚಿತ್ತು, ಯಾರೋ ಜಗ್ಗಿ ಹಿಡದಂಗ.

ಕಸ್ತೂರಬಾಯಿ ಓಡಿ ಬಂದಳು, ಮಗಳನ್ನ ಬಗಲಾಗ ಎತಗೊಂಡು. ನಾವು ಅಳ್ತಾಳಂತ ಹಿಡೀಲಾಕ ಹೋದೆವು. ಆಕಿ ಅಳಲಿಲ್ಲ. ಗಂಡನ ಮಾರಿ ನೋಡಲಿಲ್ಲ, ಆ ಬಲಗೈ ನೋಡಿದಳು.

‘ಈ ಸಲ ಝಾಡಸ್ಲಾಕ ಆಗಲಿಲ್ಲ,’ ಅಂದಳು. ಅಷ್ಟೇ.

ಆಮ್ಯಾಲ ಬಟ್ಟು ಮಾಡಿ ತೋರಿಸಿದಳು. ಅವನ ಬಾಜೂಕ, ಒಂದ ಗೇಣ ದೂರದಾಗ, ದೊಡ್ಡ ತಂಬಿಗಿ ಬೋರಲ ಕೂತಿತ್ತು. ಅದರ ಮ್ಯಾಲ ಸಣ್ಣದು ನೆಟ್ಟಗ ನಿಂತಿತ್ತು. ಸುತ್ತೂ ಕಡಿ ಚೀಲಾ ಬಿದ್ದು ಹರದು ತೊಗರಿ ಚಲ್ಲಿತ್ತು, ಅದು ಮಾತ್ರ ಇಟ್ಟದ್ದು ಇಟ್ಟಲ್ಲೇ ಇತ್ತು. ಇಲಿ ಓಡಿದ್ರ ಬಾರಿಸೋ ತಂಬಿಗಿ!

ಯಾರೂ ಮುಟ್ಟಲಿಲ್ಲ. ನಾನೇ ಬಾಗಿ ಬಟ್ಟ ಹಚ್ಚಿದೆ, ಇಷ್ಟೇ ಇಷ್ಟು. ಟಿಣ್ ಅಂತು.

ಸುಳ್ಳ ಹೇಳಿದ್ರ ನನ್ನ ನಾಲಿಗಿ ಬಿದ್ದ ಹೋಗ್ಲಿ. ಅವತ್ತು ತೊಗರಿ ಧೂಳಾ ನಮ್ಮ ಹುಬ್ಬಿನ ಮ್ಯಾಲ ಕೂತಿತ್ತು, ಹೆಣದ ಮ್ಯಾಲ ಕೂತಿತ್ತು. ಆ ತಂಬಿಗಿ ಮ್ಯಾಲ ಒಂದ ಕಣಾ ಇರಲಿಲ್ಲ.