ಬೀಗರ ಕೈಯ ಊದುಬತ್ತಿ

...ಊದುಬತ್ತಿ ಕೈಯಲ್ಲೇ ಹಿಡ್ಕೊಂಡು ನಿಂತ್ಬಿಟ್ರಲ್ಲ ಬೀಗ್ರೇ? ಹಚ್ಚಿ. ಹುಡುಗಿಯ ಅಪ್ಪನ ಫೋಟೋಗೆ ಕೈ ಮುಗಿಯದೆ ನಮ್ಮ ದಾನಾಂಗ್ ಊರಲ್ಲಿ ಯಾರೂ ನಿಶ್ಚಿತಾರ್ಥದ ಮಾತೆತ್ತಲ್ಲ... ಮುಖ ಎಲ್ಲೋ ನೋಡಿದ ಹಾಗಿದೆಯಾ? ಇಲ್ವಾ? ಇರ್ಲಿ. ನೀವು ನೋಡ್ತಿದ್ದದ್ದು ತಲೆಯ ಒಳಗೆ, ಮುಖ ಅಲ್ಲ.

ಬಾವ್ ಅಂತ. ನಮ್ಮ ಯಜಮಾನ್ರು. ದೋಣಿ ಎಂಜಿನ್ ರಿಪೇರಿ ಮಾಡ್ತಿದ್ರು. ಕಿವಿಯೊಳಗೆ ಯಾವಾಗ್ಲೂ ಗುಂಯ್ ಅಂತಿತ್ತು. ಕಿವಿಯ ನರದ ಮೇಲೆ ಗಡ್ಡೆ, ಕ್ಯಾನ್ಸರ್ ಅಲ್ಲ ಅಂದ್ರಿ. ತಲೆ ಕೊಯ್ಯೋದೇ ಬೇಡ, ಗಡ್ಡೆಗೇ ಗುರಿಯಿಟ್ಟು ವಿಕಿರಣ ಬಿಡ್ತೀವಿ, ಸಂಜೆಗೆ ಮನೆಗೆ ಹೋಗಬಹುದು ಅಂದ್ರಿ. ಹೋದ್ವಿ ಕೂಡ. ನಿಮ್ಮ ಕೈ ಕೆಟ್ಟದ್ದು ಅಂತ ನಾನು ಅನ್ನಲ್ಲ. ಆ ಗಡ್ಡೆ ಮತ್ತೆ ಬೆಳೀಲಿಲ್ಲ.

ಆದ್ರೆ ನಾನು ಒಂದು ಮಾತು ಕೇಳಿದ್ದೆ. "ಈ ಕಿರಣದಿಂದಲೇ ಮುಂದೆ ಇನ್ನೊಂದು ಗಡ್ಡೆ ಹುಟ್ಟಲ್ವಾ ಡಾಕ್ಟ್ರೇ?" ನೀವು ನಕ್ಕಿರಿ. "ನೀನು ಮೀನು ಕೊಯ್ಯಮ್ಮ, ತಲೆ ವಿಷಯ ನನಗೆ ಬಿಡು" ಅಂದ್ರಿ. ಪಕ್ಕದಲ್ಲಿದ್ದ ನರ್ಸೂ ನಕ್ಳು. ಆಮೇಲೊಮ್ಮೆ, ವಾಸಿಯಾಯ್ತು, ಇನ್ನು ಸ್ಕ್ಯಾನಿಗೂ ಬರಬೇಡಿ ಅಂದ್ರಿ.

ಹನ್ನೊಂದನೇ ವರ್ಷ ಅದೇ ಜಾಗದ ಪಕ್ಕದಲ್ಲಿ ಇನ್ನೊಂದು ಹುಟ್ತು. ಈ ಸಲ ಕ್ಯಾನ್ಸರ್ರೇ. ಸಾವಿರಾರು ಜನದಲ್ಲಿ ಯಾರೋ ಒಬ್ಬರಿಗೆ ಹೀಗಾಗುತ್ತೆ, ಅಂದ್ರು ಬೇರೆ ಡಾಕ್ಟ್ರು. ಆಗ್ಲಿ. ಮೊದಲೇ ಹೇಳಿದ್ರೂ ನಾವು ಒಪ್ತಿದ್ವೇನೋ. ಆದ್ರೆ ನೀವು ಬರಬೇಡಿ ಅನ್ನದಿದ್ರೆ ವರ್ಷಾ ವರ್ಷಾ ತೋರಿಸ್ಕೊಂಡು ಬರ್ತಿದ್ವಿ, ಬೇಗ ಗೊತ್ತಾಗ್ತಿತ್ತು... ಕೊನೆಕೊನೆಗೆ ಥಾವ್‌ನ ನೋಡಿ "ಯಾರಮ್ಮ ನೀನು" ಅಂದ್ರು. ಸ್ವಂತ ಮಗಳನ್ನ.

ಬರ್ಲಿ ನಿಮ್ಮ ಕಡೆಯವರೆಲ್ಲ, ವೀಳ್ಯದ ತಟ್ಟೆ ಹೊತ್ಕೊಂಡು. ಎಲ್ಲರ ಎದುರಿಗೆ "ಹೆಣ್ಣು ಕೊಡಲ್ಲ" ಅಂತೀನಿ. ಯಾಕೆ ಅಂತ ನಿಮ್ಮ ಮಗನಿಗೆ ನೀವೇ ಹೇಳಿ.

ಯಾಕೆ ಹಾಗೆ ನೋಡ್ತೀರಿ? ನಿಮ್ಮ ಗುರುತು ಸಿಕ್ಕಿದ್ದು ಇವತ್ತೇ. ನೀವು ಬಾಗಿಲಲ್ಲಿ ಕಾಲಿಟ್ಟಾಗ... ಮಾತಾಡಿ. ನನ್ನ ತಪ್ಪಲ್ಲ ಅನ್ನಿ. ಬೈಯಿರಿ. ಏನಂದ್ರಿ, ಮೊದಲೇ ಗೊತ್ತಿತ್ತಾ ಅಂತಾನಾ?

ಹೌದು. ಅದಕ್ಕೇ ನಿಮ್ಮೊಬ್ಬರನ್ನೇ ಮುಂಚೆ ಕರೆಸಿದ್ದು. ನಿಮ್ಮ ಮಗ ವಿನ್ ಮೊದಲ ಸಲ ಮನೆಗೆ ಬಂದು ತನ್ನ ಅಪ್ಪನ ಹೆಸರು ಹೇಳಿದಾಗಲೇ ಗೊತ್ತಾಯ್ತು. ಗೊತ್ತಿದ್ದೇ ಅವನಿಗೆ ಬಡಿಸಿದೆ. ಗೊತ್ತಿದ್ದೇ ಥಾವ್‌ಗೆ, ಒಳ್ಳೇ ಹುಡುಗ, ಒಪ್ಕೋ ಅಂದೆ. ನಿಮ್ಮ ಮನೆಯಲ್ಲೂ ಒಬ್ಬರು ಅಳಬೇಕಿತ್ತು.

ಇಲ್ಲಿ ನೋಡಿ ಡಾಕ್ಟ್ರೇ, ನನ್ನ ಮುಖ ನೋಡಿ. ನನ್ನ ಬೆನ್ನ ಹಿಂದೆ ಏನ್ ನೋಡ್ತಿದ್ದೀರಿ?

ಥಾವ್... ಯಾವಾಗ ಬಂದೆ ಮಗಳೇ?